ಮೇಲಿನ ಹಲ್ಲು ಮೊದಲು

ಮೊಮ್ಮಗಳ ದವಡೆಯ ಎಕ್ಸ್‌ರೇ ಹಾಳೆ ನನ್ನ ಮೇಜಿನ ಮೇಲೆ ಬಂದು ಬಿದ್ದು ಬಹಳ ದಿನವಾಯಿತು. ಅದನ್ನು ಯಾರೂ ತೆಗೆದಿಟ್ಟಿಲ್ಲ, ನಾನೂ ಹೇಳಿಲ್ಲ. ಮಧ್ಯಾಹ್ನದ ಬಿಸಿಲು ಕಿಟಕಿಯೊಳಗೆ ಇಳಿದಾಗ ಎತ್ತಿ ಬೆಳಕಿಗೆ ಹಿಡಿಯುತ್ತೇನೆ. ಹೊರಗೆ ಕಾಣುವ ಹಾಲುಹಲ್ಲುಗಳದು ಒಂದು ಸಾಲು. ಅವುಗಳ ಬೇರಿನ ಹಿಂದೆ, ಎಲುಬಿನ ಒಳಗೆ, ಇನ್ನೂ ಹೊರಗೆ ಬಾರದ ಹಲ್ಲುಗಳದು ಇನ್ನೊಂದು ಸಾಲು. ಕೆಲವು ನೆಟ್ಟಗೆ ನಿಂತಿವೆ, ಕೆಲವು ಪಕ್ಕದವಕ್ಕೆ ಒರಗಿ ಮಲಗಿವೆ. ಇಲ್ಲಿ ರಾಯಚೂರಿನಲ್ಲಿ ಹಲ್ಲಿನ ಡಾಕ್ಟರಾಗಿರುವ ಹುಡುಗಿ ಅದನ್ನು ತೋರಿಸಿ ಹೇಳಿದಳು: "ಹೊಸಾ ಹಲ್ಲು ಮ್ಯಾಲ ಬರಕೋತ ಹಳೇದರ ಬೇರು ಕರಗಸ್ತದ್ರಿ ಅಮ್ಮಾ. ಬೇರು ಹೋದ ಮ್ಯಾಲ ಹಳೇದು ಬರೇ ವಸಡಿನ ಮ್ಯಾಲ ನಿಂತಿರತದ. ಅದಕ್ಕ ಅಲಗಾಡತದ." ನನಗೆ ಇದು ಗೊತ್ತಿರಲಿಲ್ಲ. ಹಳೆಯದು ಬಿದ್ದ ಮೇಲೆ ಆ ಖಾಲಿ ಜಾಗಕ್ಕೆ ಹೊಸದು ಬರುತ್ತದೆ ಎಂದೇ ಇಷ್ಟು ವರ್ಷ ತಿಳಿದಿದ್ದೆ. ಹೊಸದು ಬರುವ ಕಾರಣಕ್ಕೇ ಹಳೆಯದು ಬೀಳುತ್ತದೆ ಎಂಬುದು ಈ ವಯಸ್ಸಿನಲ್ಲಿ ತಿಳಿಯಿತು.

ಆ ಹಾಳೆ ಕೈಗೆ ಬಂದಾಗಲೆಲ್ಲ ನಾನು ನಾರಾಯಣಪೇಟೆಯ ಆಯಿಯ ಮನೆಗೆ ಹೋಗಿಬಿಡುತ್ತೇನೆ. ಆಯಿ ಎಂದರೆ ನನ್ನ ಅವ್ವನ ತಾಯಿ. ಆ ಮನೆ ಈಗಿಲ್ಲ. ಅದು ನಿಂತಿದ್ದ ಜಾಗದಲ್ಲಿ ಎರಡು ಅಂಗಡಿಗಳಿವೆ, ಮೇಲೆ ಹೋಗಲು ಒಂದು ಮೆಟ್ಟಿಲಿದೆ. ನೀವೂ ಇಂಥದೊಂದು ಜಾಗದ ಮುಂದೆ ನಿಂತು, ಹಳೆಯ ಬಾಗಿಲು ಎಲ್ಲಿತ್ತು ಎಂದು ಗಾಳಿಯಲ್ಲಿ ಅಳತೆ ಮಾಡಿದವರಾದರೆ ನಾನು ಹೇಳುವುದು ನಿಮಗೆ ತಿಳಿದೀತು. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಪಡಸಾಲೆಯಲ್ಲಿ ನೆಲಕ್ಕೆ ಕುಣಿ ತೋಡಿ ಕೂಡಿಸಿದ ಎರಡು ಮಗ್ಗ. ಕಾಲನ್ನು ಕುಣಿಯಲ್ಲಿ ಇಳಿಬಿಟ್ಟು ಕುಳಿತು ಈರಣ್ಣ ಮಾಮ ಸೀರೆ ನೇಯುತ್ತಿದ್ದ. ಅವನು ಆಯಿಗೆ ಒಬ್ಬನೇ ಮಗ, ಅವ್ವನಿಗೆ ಒಬ್ಬನೇ ಅಣ್ಣ. ಗಂಜಿ ಹಚ್ಚಿ ಹರವಿದ ನೂಲಿನ ಹುಳಿ ವಾಸನೆ, ದೀಪದ ಕುಸುಬೆ ಎಣ್ಣೆಯ ವಾಸನೆ, ಹಿತ್ತಲ ಗೋಡೆಯ ಆಚೆಯಿಂದ ಬರುವ ಬಿಸಿ ಬಣ್ಣದ ವಾಸನೆ, ಮೂರೂ ಸೇರಿ ಆ ಮನೆಯ ಗಾಳಿಯಾಗಿತ್ತು. ನಮ್ಮದು ಮಕ್ತಲದಲ್ಲಿ, ಅಪ್ಪನ ಊರಿನಲ್ಲಿ. ಆದರೆ ಅವ್ವ ನನ್ನ ತಮ್ಮ ಶರಣನ ಬಾಣಂತನಕ್ಕೆ ತವರಿಗೆ ಬಂದವಳು ಹಿಂದಕ್ಕೆ ಹೋಗಲಾಗದೆ ಅಲ್ಲಿಯೇ ಉಳಿದಿದ್ದಳು. ಅದು ನಿಜಾಮರ ರಾಜ್ಯದ ಮೇಲೆ ಪೊಲೀಸ್ ಆ್ಯಕ್ಷನ್ ನಡೆದ ವರ್ಷ. ಅದಕ್ಕೂ ಮೊದಲು ತಿಂಗಳುಗಟ್ಟಲೆ ನಡೆದುದನ್ನು ನಮ್ಮ ಕಡೆ ಬರೀ ಗದ್ದಲ ಎನ್ನುತ್ತಿದ್ದರು. ದಾರಿಯಲ್ಲಿ ಬಂಡಿಗಳನ್ನು ನಿಲ್ಲಿಸುತ್ತಿದ್ದರು, ಸಣ್ಣ ಹಳ್ಳಿಗಳಿಗೆ ಬೆಂಕಿ ಬಿದ್ದ ಸುದ್ದಿ ಬರುತ್ತಿತ್ತು. ಹೆಂಗಸೊಬ್ಬಳು ಕೂಸು ಕಟ್ಟಿಕೊಂಡು ಮಕ್ತಲದ ತನಕ ಹೋಗುವ ಕಾಲ ಅದಾಗಿರಲಿಲ್ಲ.

ಹಿತ್ತಲ ಗೋಡೆಯ ಆಚೆ ಇದ್ದವನು ಮೌಲಾಸಾಬ. ನಮ್ಮ ಮಗ್ಗದ ರೇಷ್ಮೆಗೆ ಬಣ್ಣ ಹಾಕುವವನು. ಅವನೂ ಈರಣ್ಣ ಮಾಮನೂ ಒಂದೇ ವರ್ಷದವರು, ಒಂದೇ ಬೀದಿಯಲ್ಲಿ ಆಡಿ ಬೆಳೆದವರು. ಅವನ ಕೈ ಮಣಿಕಟ್ಟಿನ ತನಕ ಒಂದು ವಾರ ಕೆಂಪಾಗಿದ್ದರೆ ಇನ್ನೊಂದು ವಾರ ನೀಲಿ. ಉಗುರಿನ ಬುಡದ ಬಣ್ಣ ಮಾತ್ರ ಎಂದೂ ಹೋಗುತ್ತಿರಲಿಲ್ಲ. ನಾನು ಅವನನ್ನು ಮಾಮೂ ಎನ್ನುತ್ತಿದ್ದೆ. ಅವ್ವ ಮೌಲಣ್ಣ ಎನ್ನುತ್ತಿದ್ದಳು. ಹಬ್ಬಕ್ಕೆ ಆಯಿ ಗೋಡೆಯ ಮೇಲಿಂದ ಹೋಳಿಗೆ ಕೊಡುತ್ತಿದ್ದಳು. ನಾವು ಅವರ ಮನೆಯಲ್ಲಿ ಬೇಯಿಸಿದ್ದನ್ನು ತಿನ್ನುವವರಲ್ಲವೆಂದು ರಮಜಾನಿಗೆ ಅವನ ಹೆಂಡತಿ ಹುಸೇನಬಿ ಹಸಿ ಶಾವಿಗೆ, ಸಕ್ಕರೆ, ಒಣ ಖರ್ಜೂರದ ಖಾರೀಕು ಒಂದು ಹೊಸ ಬಟ್ಟೆಯಲ್ಲಿ ಕಟ್ಟಿ ಕೊಡುತ್ತಿದ್ದಳು. ಇದರಲ್ಲಿ ಯಾರಿಗೂ ಬೇಸರವಿರಲಿಲ್ಲ. ಬೇಸರ ಪಡುವಂಥದು ಏನಾದರೂ ಇದೆಯೆಂದು ಯಾರಿಗೂ ಹೊಳೆದಿರಲಿಲ್ಲ.

ಆ ಬೇಸಿಗೆಯಲ್ಲಿ ನನ್ನ ಕೆಳಗಿನ ಮುಂದಿನ ಹಲ್ಲು ಅಲುಗಾಡತೊಡಗಿತ್ತು. ನಾನು ಯಾರಿಗೂ ಮುಟ್ಟಲು ಕೊಡಲಿಲ್ಲ. ಅಲುಗಾಡುತ್ತ ಅಲುಗಾಡುತ್ತ ಅದು ನಿಂತೇ ಇತ್ತು. ಒಂದು ದಿನ ಅದರ ಹಿಂದೆ ನಾಲಿಗೆಗೆ ಏನೋ ಹರಿತವಾಗಿ ತಗುಲಿತು. ಹೊಸ ಹಲ್ಲು ಹಿಂದಿನಿಂದ ಮೂಡಿತ್ತು. ನಾನು ಹೆದರಿ ಅತ್ತೆ. ಮೌಲಾಸಾಬ ಬಣ್ಣ ಹಾಕದ ಒಂದು ಎಳೆ ರೇಷ್ಮೆ ಹಿಡಿದು ಬಂದು ನನ್ನ ಗದ್ದ ಎತ್ತಿದ.

"ಬಾಯಿ ತಗಿ ಬೇಟಿ. ಅರೆ, ಹಿಂದ ಇನ್ನೊಬ್ಬ ಬಂದು ನಿಂತಾನಲ್ಲ. ಮುಂದಿನಾಂವ ಎದ್ದು ಹೋಗವಲ್ಲ, ಹಿಂದಿನಾಂವಗ ಕೂಡಾಕ ಜಾಗ ಇಲ್ಲ. ಬಸ್ಸಿನ್ಯಾಗ ನಡದಂಗ ನಡದೈತಿ ನಿನ್ನ ಬಾಯಾಗ."

"ಡೊಂಕ ಬರತೈತಿ ಮಾಮೂ."

"ಬಂದ್ರ ಬರಲಿ. ನಿನ್ನ ನಾಲಿಗಿ ಸುಮ್ಕ ಕೂಡೂ ಪೈಕಿ ಅಲ್ಲ, ದಿನಾ ನೂಕತೈತಿ. ಹೋಳಿ ಹುಣ್ಣಿವಿ ಹೊತ್ತಿಗೆ ನೋಡು, ಮುಂದ ಬಂದು ನಿಂತಿರತಾನ."

"ಮೌಲ್ಯಾ, ಬಣ್ಣದ ಕೈ ಹುಡುಗಿ ಬಾಯಾಗ ಇಡಬ್ಯಾಡೊ, ಹಲ್ಲು ಕೆಂಪ ಆದಾವು," ಎಂದಳು ಆಯಿ ಒಳಗಿನಿಂದ.

"ಆಗಲಿ ಬಿಡವ್ವಾ. ಕೆಂಪ ಹಲ್ಲಿನ ಸೊಸಿ ಬೇಕಂತ ಹುಡಿಕ್ಕೊಂಡು ಬರತಾರ," ಎನ್ನುತ್ತಲೇ ಅವನು ಎಳೆಯನ್ನು ಎಳೆದ. ನೋವಾಗಲಿಲ್ಲ. ಹಲ್ಲಿಗೆ ಬೇರೇ ಇರಲಿಲ್ಲ. ಅಕ್ಕಿಕಾಳಿನಷ್ಟು ಹಗುರವಾಗಿ ಅದು ಅವನ ಕೆಂಪು ಅಂಗೈಯಲ್ಲಿ ಬಿದ್ದಿತ್ತು. ಆಯಿ ಅದನ್ನು ಸಗಣಿಯಲ್ಲಿಟ್ಟು ಮಾಳಿಗೆಯ ಮೇಲೆ ಎಸೆದಳು. ಹೊಸ ಹಲ್ಲು ಅವನು ಹೇಳಿದ ಹಾಗೆಯೇ ನಾಲಿಗೆಯ ಒತ್ತಿಗೆ ದಿನದಿನಕ್ಕೆ ಸರಿದು, ಹೋಳಿ ಬರುವ ಹೊತ್ತಿಗೆ ಸಾಲಿನಲ್ಲಿ ಬಂದು ನಿಂತಿತು. ಅದನ್ನು ನೋಡಲು ಅವನು ಇರಲಿಲ್ಲ.

ಮಳೆ ಹಿಡಿಯುವ ಮೊದಲು ಈರಣ್ಣ ಮಾಮ ಮನೆ ಬಿಟ್ಟ. ನಿಜಾಮರ ವಿರುದ್ಧ ಎದ್ದು, ಗದ್ವಾಲದ ಕಡೆಯಿಂದ ತುಂಗಭದ್ರೆ ದಾಟಿ ಆಚೆಗೆ ಹೋದ ಹುಡುಗರ ಗುಂಪಿನಲ್ಲಿ ಅವನೂ ಸೇರಿಕೊಂಡ. ಹೊಳೆಯ ಆಚೆ ನಿಜಾಮರ ಸೀಮೆ ಮುಗಿಯುತ್ತಿತ್ತು; ಅಲ್ಲಿಂದ ಸುದ್ದಿ ಬರುವುದು ಕಷ್ಟವಿತ್ತು. ಮಗ್ಗ ನಿಂತಿತು. ಆಯಿ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತು ಎಲ್ಲದರಲ್ಲೂ ಶಕುನ ನೋಡತೊಡಗಿದಳು. ಹಲ್ಲಿ ನುಡಿದರೆ, ಬೆಕ್ಕು ಅಡ್ಡ ಬಂದರೆ, ದೀಪ ಸಿಡಿದರೆ, ಎಲ್ಲವೂ ಮಗನಿಗೇ ಸಂಬಂಧಪಟ್ಟದ್ದು. ಅವಳೆದುರು ಸೀನಲೂ ಹೆದರಿಕೆಯಾಗುತ್ತಿತ್ತು.

ಇಂಥ ದಿನಗಳಲ್ಲಿ, ಶ್ರಾವಣದಲ್ಲಿ ಒಂದು ಬೆಳಿಗ್ಗೆ, ಹಾಲು ಕುಡಿಸುತ್ತಿದ್ದ ಅವ್ವ ತಟ್ಟನೆ ಕೂಸನ್ನು ಎದೆಯಿಂದ ಬಿಡಿಸಿ ಅದರ ಬಾಯೊಳಗೆ ಬೆರಳಿಟ್ಟಳು. ಆಮೇಲೆ ಬಾಗಿಲ ಕಡೆ ನೋಡಿ ಮೆಲ್ಲಗೆ ನನ್ನನ್ನು ಕರೆದಳು.

"ಗೌರಿ, ನಿನ್ನ ಕಣ್ಣು ಚೊಲೊ ಅದಾವ. ಕೆಳಗಿನ ವಸಡಿನ್ಯಾಗ ಏನಾರ ಕಾಣತೈತೇನು ನೋಡು."

"ಇಲ್ಲವ್ವ."

"ಸರೀಗಿ ನೋಡು."

ಕೆಳಗಿನ ವಸಡು ನುಣ್ಣಗೆ, ತಿಳಿಗೆಂಪಗೆ ಇತ್ತು. ಮೇಲಿನದರಲ್ಲಿ, ನಡುವೆ, ಒಡೆದ ಅಕ್ಕಿಯ ತುದಿಯಂತೆ ಎರಡು ಬಿಳಿ ಚುಕ್ಕೆ ಕಂಡವು. ನಾನು ಹೇಳಿದೆ. ಅವ್ವ ಕೂಸಿನ ಬಾಯನ್ನು ಸೆರಗಿನಿಂದ ಮುಚ್ಚಿದಳು. ಕೂಸಿಗೆ ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಆಗುವುದಿಲ್ಲ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಮಾವ ಮನೆಯಲ್ಲಿದ್ದು, ಗಟ್ಟಿಮುಟ್ಟಾಗಿ ಉಂಡು ತಿರುಗುತ್ತಿದ್ದರೆ ಅದೊಂದು ನಗೆಮಾತು. ನಮ್ಮ ಮಾವ ಬದುಕಿದ್ದಾನೋ ಇಲ್ಲವೋ ಎಂಬುದೇ ಗೊತ್ತಿರಲಿಲ್ಲ.

"ಆಯಿಗೆ ಹೇಳಬ್ಯಾಡ," ಎಂದಳು ಅವ್ವ. "ತಿಳದ್ರ ಇವತ್ತೇ ನಮ್ಮನ್ನ ಮಕ್ತಲಕ್ಕ ಕಳಸ್ತಾಳ. ದಾರಿ ಹೆಂಗೈತಿ ಅಂತ ನಿನಗೂ ಗೊತ್ತೈತಿ." ಆ ದಿನದಿಂದ ಶರಣನ ತಲೆಯ ಮೇಲಿನ ಕುಂಚಿಗೆ ಸೆಕೆಯಲ್ಲೂ ಇಳಿಯಲಿಲ್ಲ. ಅವನು ನಕ್ಕರೆ ಅವ್ವ ಅವನ ಮುಖವನ್ನು ಹೆಗಲಿಗೆ ಒತ್ತಿಕೊಳ್ಳುತ್ತಿದ್ದಳು. ನಗುವ ಕೂಸನ್ನು ಸುಮ್ಮನಿರಿಸಲು ಅಷ್ಟು ಪಾಡು ಪಟ್ಟ ತಾಯಿಯನ್ನು ನಾನು ಮತ್ತೆ ಕಂಡಿಲ್ಲ.

ದೋಷಕ್ಕೆ ಪರಿಹಾರವಿತ್ತು, ಆದರೆ ಅದನ್ನು ಮಾಡಬೇಕಾದವನು ಮಾವನೇ. ಹಲ್ಲು ಬಂದ ಕೂಸಿನ ಮುಖವನ್ನು ನೇರವಾಗಿ ನೋಡುವ ಮೊದಲು ಅವನು ಎಣ್ಣೆಯಲ್ಲಿ ನೋಡಬೇಕು, ಆಮೇಲೆ ಆ ಹಲ್ಲಿಗೆ ಬೆಳ್ಳಿ ಮುಟ್ಟಿಸಬೇಕು. ಅವ್ವ ಎರಡು ದಿನ ಯೋಚಿಸಿದಳು. ಸೋಮವಾರ ಆಯಿ ಗುಡಿಗೆ ಹೋದ ಹೊತ್ತು ನೋಡಿ ಕಂಚಿನ ಬಟ್ಟಲಿನಲ್ಲಿ ಕುಸುಬೆ ಎಣ್ಣೆ ತುಂಬಿ ನನ್ನ ಕೈಗೆ ಕೊಟ್ಟಳು. ತಾನು ಕೂಸನ್ನು ಎತ್ತಿಕೊಂಡು ಹಿತ್ತಲ ಬಾಗಿಲಿನಿಂದ ಬಣ್ಣದ ಹಂಡೆಗಳ ಕಡೆಗೆ ನಡೆದಳು. ಮೌಲಾಸಾಬ ಕೋಲಿನ ಮೇಲೆ ಹಸಿ ನೂಲು ಹಿಂಡುತ್ತಿದ್ದ. ಅವ್ವ ಅವನಿಗೆ ಬೆನ್ನು ಮಾಡಿ ನಿಂತು, ಮುಖ ತಿರುಗಿಸದೆಯೇ ಎಲ್ಲವನ್ನೂ ಹೇಳಿದಳು.

"ಈರಣ್ಣ ಇದ್ದಿದ್ರ ಅಂವನ್ನೇ ಕೂಡಸ್ತಿದ್ದೆ ಮೌಲಣ್ಣಾ. ನನಗ ಇನ್ಯಾರದಾರ ಅಣ್ಣ ಅನ್ನಾಕ?"

ಅವನು ಕೋಲು ಕೆಳಗಿಟ್ಟ. "ಅಂವಾ ಹೊಳಿ ಆಚೆ ಇದ್ರೂ ನಿನ್ನ ಅಣ್ಣ, ನಾ ಗ್ವಾಡಿ ಆಚೆ ಇದ್ರೂ ನಿನ್ನ ಅಣ್ಣ. ತರ್ರಿ ಬಟ್ಟಲಾ."

"ಅವರ ಶಾಸ್ತ್ರ ನಿಮಗ್ಯಾಕ್ರಿ?" ಎಂದಳು ಹುಸೇನಬಿ ಒಲೆಯ ಮುಂದಿನಿಂದ. "ನಮ್ಮೊಳಗ ಹಿಂಗ ಇಲ್ಲಲ್ಲ."

"ನಮ್ಮೊಳಗ ಇಲ್ಲಂದ ಮ್ಯಾಲ ನನಗೇನಾಗತೈತಿ? ಅದಕ್ಕ ನಾನೇ ಚೊಲೊ."

ಅವನು ಚಕ್ಕಂಬಕ್ಕಳ ಹಾಕಿ ಕುಳಿತ. ನಾನು ಬಟ್ಟಲು ಹಿಡಿದೆ. ಅವ್ವ ಕೂಸಿನ ಮುಖವನ್ನು ಬಟ್ಟಲಿನ ಮೇಲೆ ಬಾಗಿಸಿದಳು. ಬಟ್ಟಲು ಅಲುಗಿ ಎಣ್ಣೆ ತೆರೆ ತೆರೆಯಾಯಿತು. ಅದರಲ್ಲಿ ತಮ್ಮನ ಮುಖ ಹಳದಿಯಾಗಿ ಉದ್ದವಾಗುತ್ತ, ಕೂಡುತ್ತ, ಮತ್ತೆ ಒಡೆಯುತ್ತ ಇತ್ತು. "ನನಗ ನನ್ನ ಗಡ್ಡನೇ ಎರಡು ಕಾಣಾಕತ್ತಾವ, ಅಳಿಯ ಎಲ್ಲದಾನ?" ಎಂದ ಮೌಲಾಸಾಬ. ಆಗ ಶರಣ ನಕ್ಕ. ಎಣ್ಣೆಯಲ್ಲಿ ಎರಡು ಹಲ್ಲು ಕಂಡವು. ಅವನು ತಲೆ ಎತ್ತಿ ನಿಜವಾದ ಮುಖವನ್ನು ನೋಡಿ, ತನ್ನ ಬೆಳ್ಳಿಯ ಉಂಗುರವನ್ನು ಕಳಚಿ ಹಲ್ಲಿಗೆ ಮುಟ್ಟಿಸಿದ. ಟಿಕ್ ಎಂಬ ಸಣ್ಣ ಸದ್ದಾಯಿತು. "ಮುಗೀತಲ್ಲ," ಎಂದ. "ಮ್ಯಾಲಿಂದ ಮೊದಲು ಬರಲಿ, ಕೆಳಗಿಂದ ಮೊದಲು ಬರಲಿ, ರೊಟ್ಟಿ ತಿನ್ನಾಕ ಎರಡೂ ಕೂಡೇ ಬೇಕು." ಅವ್ವ ಎಷ್ಟೋ ದಿನದ ಮೇಲೆ ನಕ್ಕಳು.

ಮುಂದಿನ ತಿಂಗಳು ಪಟ್ಟಣದ ಮೇಲೆ ವಿಮಾನ ಹಾರಿತು. ಮಿಲಿಟರಿ ಬಂತು, ನಿಜಾಮರ ರಾಜ್ಯ ಮುಗಿಯಿತು ಎಂದರು. ಅದನ್ನು ಬರೆಯಬಲ್ಲವರು ಬರೆದಿದ್ದಾರೆ, ನಾನು ಮನೆಯೊಳಗಿದ್ದ ಹುಡುಗಿ. ನಾನು ಕಂಡದ್ದು ಇಷ್ಟು: ಒಂದು ಮಧ್ಯಾಹ್ನ ಗಡ್ಡ ಬಿಟ್ಟ ಒಬ್ಬ ತೆಳ್ಳನೆಯ ಮನುಷ್ಯ, ಕೊರಳಲ್ಲಿ ಬಾಡಿದ ಹಾರ ಹಾಕಿಕೊಂಡು, ಬಾಗಿಲಿನಲ್ಲಿ ನಿಂತು "ಅವ್ವಾ" ಎಂದ. ಆಯಿ ಆರತಿ ಹಿಡಿದು ಬಂದಳು, ಬೆಳಗಲು ಆಗದೆ ತಟ್ಟೆ ಅಲ್ಲಿಯೇ ಇಟ್ಟು ಅವನ ಕಾಲು, ಮೊಣಕಾಲು, ಭುಜ ಮುಟ್ಟಿ ಮುಟ್ಟಿ ನೋಡಿದಳು. ಈರಣ್ಣ ಮಾಮ ಹಾರವನ್ನೂ ತೆಗೆಯದೆ ಹಿತ್ತಲಿಗೆ ಹೋಗಿ ಮೌಲಾಸಾಬನನ್ನು ಅಪ್ಪಿಕೊಂಡ. ಆ ಹಾರ ಇಬ್ಬರ ನಡುವೆ ಸಿಕ್ಕಿ ಹರಿದು ಹೂವೆಲ್ಲ ಬಣ್ಣದ ನೀರಿನಲ್ಲಿ ಬಿದ್ದವು. ಅವ್ವ ಅಂದೇ ಶರಣನ ಕುಂಚಿಗೆ ಬಿಚ್ಚಿದಳು. ಆ ವೇಳೆಗೆ ಅವನ ಕೆಳಗಿನ ಹಲ್ಲೂ ಬಂದಿದ್ದವು. ಯಾವುದು ಮೊದಲು ಬಂತೆಂದು ಇನ್ನು ಯಾರಿಗೂ ತಿಳಿಯುವಂತಿರಲಿಲ್ಲ.

ಇಲ್ಲಿಂದ ಮುಂದೆ ಕಂಡದ್ದನ್ನು ಕಂಡೆ ಎಂದೂ, ಕೇಳಿದ್ದನ್ನು ಕೇಳಿದೆ ಎಂದೂ ಬೇರೆ ಬೇರೆ ಮಾಡಿಯೇ ಹೇಳಬೇಕು. ಮಾಮ ಬಂದ ಕೆಲವು ದಿನಗಳ ಮೇಲೆ, ಅವನು ಅಪ್ಪನಿಗೆ ಸುದ್ದಿ ಮುಟ್ಟಿಸಲು ಮಕ್ತಲಕ್ಕೆ ಹೋಗಿದ್ದಾಗ, ಬೀದಿಯಲ್ಲಿ ಕೂಗಾಟ ಕೇಳಿಸಿತು. ಬಿಸಿಲು ಇಳಿಯುವ ಹೊತ್ತು. ನಿಜಾಮರ ಕಾಲದ ಸಿಟ್ಟನ್ನು ಊರೂರಲ್ಲಿ ಮುಸಲ್ಮಾನರ ಮೇಲೆ ತೀರಿಸಿಕೊಳ್ಳುತ್ತಿದ್ದ ದಿನಗಳವು. ಅವ್ವ ಬೀದಿ ಬಾಗಿಲಿನ ಎರಡೂ ಕದ ಮುಚ್ಚಿ ಅಗಳಿ ಹಾಕಿ, ಕದಗಳ ಸಂದಿಗೆ ಮುಖ ಇಟ್ಟು ನಿಂತಳು. ನಾನು ಶರಣನನ್ನು ಹಿಡಿದುಕೊಂಡು ಅವಳ ಹಿಂದೆ ಕುಳಿತಿದ್ದೆ. ನನಗೆ ಕಂಡದ್ದು ಅವಳ ಬೆನ್ನು ಮಾತ್ರ. ಮೌಲಾಸಾಬನ ಮನೆಯ ಬಾಗಿಲು ನಮ್ಮ ಬೀದಿಗೇ, ಪಕ್ಕದಲ್ಲೇ ಇತ್ತು. ಹೊರಗೆ ಕೂಗು ನಿಂತಿತು. ಒಂದು ದನಿ ಸಾವಕಾಶವಾಗಿ, ನೆರೆಯವರು ಕರೆಯುವ ಹಾಗೆ, ಕರೆಯಿತು: "ಮೌಲಾ, ಬಾರೊ ಇಲ್ಲಿ. ಸ್ವಲ್ಪ ಮಾತಾಡೂದೈತಿ." ಅದಕ್ಕೆ ಮೌಲಾಸಾಬನ ದನಿ: "ಕೈ ತೊಳ್ಕೊಂಡು ಬಂದೆ ತಡೀರಿ." ನೀರು ಸುರಿದ ಸದ್ದು ಕೇಳಿಸಿತು. ಆಮೇಲೆ ಬಹಳ ಕಾಲುಗಳ ಸದ್ದು ಹಳೇ ಬಾವಿಯ ಕಡೆಗೆ ದೂರವಾಯಿತು. ಅವ್ವನ ಬೆನ್ನು ಅಲುಗಲಿಲ್ಲ. ನಾನು ಕೇಳಿದ್ದು ಇಷ್ಟೇ. ಮರುದಿನ ಮಾಮ ಓಡಿ ಬಂದು, ಬಾವಿಯ ಹತ್ತಿರದಿಂದ ಮೌಲಾಸಾಬನ ಹೆಣವನ್ನು ತಂದು, ಮಣ್ಣು ಮಾಡಲು ಧೈರ್ಯ ಮಾಡಿದ ಕೆಲವರ ಜೊತೆ ತಾನೂ ಕುಣಿ ತೋಡಿದ. ಆಮೇಲೆ ಪಡಸಾಲೆಯಲ್ಲಿ ಅವ್ವನ ಮುಂದೆ ಕುಳಿತು ಕೇಳಿದ: "ನೀಲಾ, ನೀ ಬಾಗಿಲಾಗ ಇದ್ದಿ ಅಂತ. ಯಾರು ಕರದ್ರು? ನೋಡೀಯೇನು?"

ಅವ್ವ ಶರಣನನ್ನು ಮಡಿಲಿಗೆ ಎಳೆದುಕೊಂಡಳು. "ನನ್ನ ಕೂಸಿನ ಹಲ್ಲು ಅಣ್ಣಾ," ಎಂದಳು ಆಮೇಲೆ. ಮುಚ್ಚಿಟ್ಟ ಹಲ್ಲಿನ ಕತೆಯನ್ನೆಲ್ಲ, ಎಣ್ಣೆಯ ಬಟ್ಟಲು, ಉಂಗುರ, ಎಲ್ಲವನ್ನೂ ಅತ್ತು ಅತ್ತು ಹೇಳಿದಳು. ನಿನಗೆ ಬರಬೇಕಾದದ್ದನ್ನು ಅವನ ಮೇಲೆ ಹಾಕಿದೆ ಎಂದಳು. ಮಾಮ ಕೇಳಿದ್ದು ಒಂದು, ಅವಳು ಹೇಳಿದ್ದು ಇನ್ನೊಂದು. ಆದರೆ ಕಂಬಕ್ಕೆ ಒರಗಿ ಕೇಳುತ್ತಿದ್ದ ಆಯಿಗೆ ಅದೇ ಉತ್ತರವಾಯಿತು. ಆಯಿಯಿಂದ ಅದು ಬೀದಿಗೆ ಹೋಯಿತು. ವಾರ ಕಳೆಯುವುದರೊಳಗೆ ಬೀದಿಯವರೆಲ್ಲ ಅದನ್ನೇ ಹೇಳುತ್ತಿದ್ದರು. ಪಾಪ, ಕೂಸಿನ ಹಲ್ಲು ತಗೊಂಡಿತು. ಮಾವನ ಜಾಗದಾಗ ಕೂತ, ಮಾವನ ಪಾಲಿಂದು ಅಂವಗ ಬಂತು. ಅವರು ಅವ್ವನನ್ನು ಬೈಯಲಿಲ್ಲ. ಸಮಾಧಾನ ಹೇಳಲು ಬಂದರು, ನೀ ಏನ್ ಮಾಡ್ತಿ ಬಿಡವಾ ಎಂದು ತಲೆ ಸವರಿದರು. ಯಾರಿಗೂ ಯಾರ ಮುಖವನ್ನೂ ನೋಡಬೇಕಾಗಲಿಲ್ಲ. ಎಲ್ಲರಿಗಿಂತ ಹೆಚ್ಚು ಪ್ರೀತಿಯಿಂದ ಆ ಕತೆ ಹೇಳುತ್ತಿದ್ದವನು ಸೀರೆ ದಲಾಲಿ ಚನ್ನಪ್ಪ. ನಮ್ಮ ಮಗ್ಗದ ಸೀರೆ ಕೊಳ್ಳುವವನು ಅವನೊಬ್ಬನೇ. ಕಟ್ಟೆಯ ಮೇಲೆ ಕುಳಿತು ಶರಣನನ್ನು ತೊಡೆಯ ಮೇಲೆ ಕುಣಿಸುತ್ತ "ಬಾಯಿ ತಗಿ ನೋಡೋಣು, ಮಾಮನ್ನ ನುಂಗಿದ ಬಾಯಿ," ಎನ್ನುತ್ತಿದ್ದ. ಹುಸೇನಬಿ ಗದ್ವಾಲಕ್ಕೆ, ತನ್ನ ತವರಿಗೆ, ಹೋಗಿಬಿಟ್ಟಳು. ಮುಂದಿನ ವರ್ಷದ ಹೊತ್ತಿಗೆ ಬಣ್ಣದ ಹಂಡೆಗಳಿದ್ದ ಹಿತ್ತಲಿನಲ್ಲಿ ಚನ್ನಪ್ಪನ ನೂಲಿನ ಗಂಟುಗಳು ಬಿದ್ದಿದ್ದವು.

ನಾವು ಮಕ್ತಲಕ್ಕೆ ಹಿಂದಿರುಗಿದೆವು. ಅವ್ವ ತವರಿಗೆ ಹೋಗುವುದು ಕಡಿಮೆಯಾಯಿತು, ಮಾತೂ ಕಡಿಮೆಯಾಯಿತು. ಶರಣ ಎರಡನೇ ಇಯತ್ತೆಯಲ್ಲಿದ್ದಾಗ ಅವನ ಹಾಲುಹಲ್ಲು ಬೀಳತೊಡಗಿದವು, ಬಂದ ಹಾಗೆಯೇ ಮೇಲಿನವು ಮೊದಲು. ಒಂದು ದಿನ ಅವ್ವ ಅವನನ್ನೂ ನನ್ನನ್ನೂ ಕರೆದುಕೊಂಡು ಗದ್ವಾಲಕ್ಕೆ ಹೊರಟಳು. ಯಾಕೆಂದು ಅಪ್ಪನೂ ಕೇಳಲಿಲ್ಲ. ಈಗ ಜೂರಾಲದ ಕಟ್ಟೆ ಇರುವ ಕಡೆ ಆಗ ಕೃಷ್ಣೆಯನ್ನು ಹರಿಗೋಲಿನಲ್ಲಿ ದಾಟಬೇಕಿತ್ತು. ಆ ದುಂಡು ತೊಗಲ ದೋಣಿ ತಿರುಗುತ್ತ ತಿರುಗುತ್ತ ಹೋಗುವಾಗ ಅವ್ವ ಕಣ್ಣು ಮುಚ್ಚಿಕೊಂಡೇ ಕುಳಿತಿದ್ದಳು. ಹುಸೇನಬಿ ಕೋಟೆಯ ಹಿಂದಿನ ಒಂದು ಓಣಿಯಲ್ಲಿ ಅಣ್ಣನ ಮನೆಯಲ್ಲಿ ರಾಟೆಯ ಮುಂದೆ ಇದ್ದಳು. ಕೂದಲು ಬೆಳ್ಳಗಾಗಿತ್ತು. ನಮ್ಮನ್ನು ಚಾಪೆಯ ಮೇಲೆ ಕೂಡಿಸಿದಳು. ಅವ್ವ ಶರಣನನ್ನು ಮುಂದೆ ನಿಲ್ಲಿಸಿ ಹೇಳಿದಳು: "ಇಂವನೇ ಅಕ್ಕಾ. ಇಂವನ ಹಲ್ಲೇ. ನಾ ನಿಮ್ಮ ಕಾಲು ಹಿಡಿಯಾಕ ಬಂದೀನಿ."

ಹುಸೇನಬಿ ಶರಣನ ಗದ್ದ ಹಿಡಿದು ಬಾಯಿ ತೆರೆಸಿದಳು. ಬಿದ್ದ ಜಾಗದಲ್ಲಿ ಎರಡು ಹೊಸ ಹಲ್ಲು ಅರ್ಧ ಇಳಿದಿದ್ದವು, ಅಂಚು ಗರಗಸದಂತೆ. ಅವಳು ಅವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅವನ ಬಾಯಿ ಮುಚ್ಚಿ, ತಲೆ ಸವರಿ, ಅವ್ವನ ಕಡೆ ತಿರುಗಿದಳು. ಅವಳ ದನಿ ಏರಲಿಲ್ಲ.

"ಕಾಲು ಬ್ಯಾಡ ನೀಲವ್ವಾ. ನಾ ಒಳಗಿಂದ ಕೇಳೀನಿ ಯಾರು ಕರದ್ರು ಅಂತ. ನೀ ಸಂದ್ಯಾಗಿಂದ ನೋಡೀ. ಕೂಸಿನ ಹಲ್ಲಿನ ಮ್ಯಾಲ ಹಾಕಿ ಕೂತ್ರ, ಕರದವರು ಎಲ್ಲಿಗ್ ಹೋದ್ರು? ಆರಾಮ ಉಂಡ್ಕೊಂತ ಅದಾರ. ನನ್ನ ಗಂಡನ್ನ ಹಲ್ಲು ಕೊಂದಿಲ್ಲ. ಅಷ್ಟು ಹೇಳು ನೀ. ಮತ್ತೇನೂ ಬ್ಯಾಡ ನನಗ."

ಅವ್ವ ಚಾಪೆಯ ಅಂಚನ್ನು ಬೆರಳಿನಿಂದ ಮಡಿಚುತ್ತ ಕುಳಿತಳು. ಹುಸೇನಬಿ ಎದ್ದು ಶರಣನಿಗೆ ಖಾರೀಕು ತಂದಳು. ಮುಂದಿನ ಹಲ್ಲು ಇನ್ನೂ ಪೂರಾ ಬಾರದ ಹುಡುಗ ಕಚ್ಚಲಾರನೆಂದು ಕಲ್ಲಿನ ಮೇಲೆ ಜಜ್ಜಿ ಕೊಟ್ಟಳು. ಹಿಂದಿರುಗುವಾಗ ಹರಿಗೋಲಿನಲ್ಲಿ ಅವ್ವ ಕಣ್ಣು ತೆರೆದುಕೊಂಡು ಕುಳಿತಿದ್ದಳು. ಆದರೆ ಅವಳು ಏನೂ ಹೇಳಲಿಲ್ಲ, ಆ ವರ್ಷವೂ ಇಲ್ಲ, ಅದರ ಮುಂದೆಯೂ ಇಲ್ಲ. ರಾಜ್ಯ ಒಡೆಯಿತು, ನಮ್ಮ ಕಡೆ ತೆಲುಗಿನವರ ಪಾಲಿಗೆ ಹೋಯಿತು, ರಾಯಚೂರು ಈ ಕಡೆ ಉಳಿಯಿತು. ನಾನು ಮದುವೆಯಾಗಿ ರಾಯಚೂರಿಗೆ ಬಂದೆ. ಆಯಿ ತೀರಿಕೊಂಡಳು. ನಾರಾಯಣಪೇಟೆಯ ಬೀದಿಯಲ್ಲಿ ಹಲ್ಲಿನ ಕತೆ ಮಕ್ಕಳಿಗೂ ಬಾಯಿಪಾಠವಾಗಿತ್ತು. ಮಾಮ ಮಗ್ಗದ ಮುಂದೆ ಅದನ್ನು ಕೇಳಿದರೆ ಕೈ ನಿಲ್ಲಿಸುತ್ತಿದ್ದ, ಅವ್ವನ ಕಡೆ ನೋಡುತ್ತಿದ್ದ, ಮತ್ತೆ ನೇಯುತ್ತಿದ್ದ.

ಶರಣನ ಮದುವೆ ಮಾಮನ ಮಗಳ ಜೊತೆಗೇ ಆಯಿತು, ಆಯಿಯ ಮನೆಯ ಅಂಗಳದಲ್ಲಿಯೇ. ಹಿರಿಯರ ಪಂಕ್ತಿಯಲ್ಲಿ ಮೊದಲ ಎಲೆ ಚನ್ನಪ್ಪನದು. ಅವನಿಗೆ ವಯಸ್ಸಾಗಿತ್ತು, ಬಾಯಿ ಬೊಚ್ಚಾಗಿತ್ತು, ಹೋಳಿಗೆಯನ್ನು ಹಾಲಿನಲ್ಲಿ ಕಲಸಿಕೊಳ್ಳುತ್ತಿದ್ದ. ಮದುಮಗ ಕೈ ಮುಗಿಯಲು ಬಂದಾಗ ಅವನು ಎಲ್ಲರಿಗೂ ಕೇಳುವಂತೆ ನಕ್ಕ: "ಏನಪಾ ಶರಣಾ, ಒಬ್ಬ ಮಾಮನ್ನ ಹಲ್ಲಿಲೇ ತಿಂದಿ, ಇನ್ನೊಬ್ಬ ಮಾಮನ ಮಗಳನ್ನ ಕಟಗೊಂಡಿ. ಈರಣ್ಣಾ, ಅಳಿಯನ ಬಾಯಿಂದ ದೂರ ಇರೊ ಮಾರಾಯಾ." ಪಂಕ್ತಿ ನಕ್ಕಿತು. ಶರಣನೂ ನಕ್ಕ, ಅವನಿಗೆ ಅದು ಹುಟ್ಟಿದಾಗಿನಿಂದ ಕೇಳಿದ ಮಾತು. ಅವ್ವ ತುಪ್ಪದ ಗಿಂಡಿ ಹಿಡಿದು ಬಡಿಸುತ್ತ ಬರುತ್ತಿದ್ದಳು. ಅವಳ ಹಿಂದೆ ಸಾರಿನ ಬೋಗುಣಿ ಹಿಡಿದವಳು ನಾನು. ಅವಳು ಚನ್ನಪ್ಪನ ಎಲೆಯ ಮುಂದೆ ನಿಂತಳು.

"ಹಲ್ಲಲ್ರಿ ಚನ್ನಪ್ಪಣ್ಣ," ಎಂದಳು. "ಅವತ್ತು ನಾ ಬಾಗಲ ಸಂದ್ಯಾಗ ನಿಂತಿದ್ದೆ. ಕರದವರನ್ನ ನೋಡೀನಿ."

ಚನ್ನಪ್ಪನ ಕೈ ಎಲೆಯ ಮೇಲೆಯೇ ನಿಂತಿತು. ಪಂಕ್ತಿಯ ಆಚೆ ತುದಿಯಲ್ಲಿ ನೀರು ಹಾಕುತ್ತಿದ್ದ ಈರಣ್ಣ ಮಾಮ ತಂಬಿಗೆ ಕೆಳಗಿಟ್ಟು ನೆಟ್ಟಗೆ ನಿಂತ. ಅವನು ಕೇಳಿದ ಪ್ರಶ್ನೆಗೆ ಉತ್ತರ ಬರಲು ಇಷ್ಟು ವರ್ಷ ಹಿಡಿದಿತ್ತು.

"ತುಪ್ಪ ಹಾಕಲೇನ್ರಿ?" ಎಂದಳು ಅವ್ವ.

ಚನ್ನಪ್ಪ ಎರಡೂ ಕೈಯಿಂದ ಎಲೆಯನ್ನು ಮುಚ್ಚಿದ. ಅವ್ವ ಸ್ವಲ್ಪ ಹೊತ್ತು ಕಾದು, ಪಕ್ಕದ ಎಲೆಗೆ ಹೋಗಿ ಬಡಿಸಿದಳು. ಒಂದು ಹನಿಯೂ ಎಲೆಯ ಹೊರಗೆ ಬೀಳಲಿಲ್ಲ. ನಾನು ಹಿಂದೆಯೇ ಇದ್ದುದರಿಂದ ಇದನ್ನು ಖಚಿತವಾಗಿ ಹೇಳಬಲ್ಲೆ. ಚನ್ನಪ್ಪ ಉಣ್ಣದೆ ಎದ್ದು, ಕೈಯನ್ನೂ ತೊಳೆಯದೆ ಹೊರಟುಹೋದ. ಮಾಮ ಅವನನ್ನು ತಡೆಯಲಿಲ್ಲ, ಬಾಗಿಲ ತನಕ ಕಳಿಸಲೂ ಹೋಗಲಿಲ್ಲ. ಅಂದಿನಿಂದ ಆ ಮಗ್ಗದ ಸೀರೆಗಳನ್ನು ತಾನೇ ಹೆಗಲ ಮೇಲೆ ಹೊತ್ತು ಉಟ್ಕೂರು, ಮಕ್ತಲ ಎಂದು ಊರೂರು ತಿರುಗಿ ಮಾರಿದ. ಮತ್ತೇನೂ ಆಗಲಿಲ್ಲ. ಪೊಲೀಸರು ಬರಲಿಲ್ಲ, ಪಂಚಾಯಿತಿ ಸೇರಲಿಲ್ಲ. ಆದರೆ ಆ ಬೀದಿಯಲ್ಲಿ ಹಲ್ಲಿನ ಕತೆಯನ್ನು ಆಮೇಲೆ ಯಾರೂ ಹೇಳಿದ್ದು ನಾನು ಕೇಳಿಲ್ಲ.

ಅವ್ವ ಇದನ್ನು ತಿಳಿಸಲು ಮತ್ತೊಮ್ಮೆ ಗದ್ವಾಲಕ್ಕೆ ಹೋದಳು, ಈ ಸಲ ಒಬ್ಬಳೇ. ಕೋಟೆಯ ಹಿಂದಿನ ಆ ಓಣಿಯ ಮನೆಯಲ್ಲಿ ಬೇರೆ ಯಾರೋ ಇದ್ದರು. ಹುಸೇನಬಿ ಎಲ್ಲಿ ಹೋದಳೆಂದು ಅವರಿಗೆ ಗೊತ್ತಿರಲಿಲ್ಲ. ಅವ್ವ ಸ್ವಲ್ಪ ಹೊತ್ತು ಆ ಮನೆಯ ಕಟ್ಟೆಯ ಮೇಲೆ ಕುಳಿತು, ನೀರು ಕೇಳಿ ಕುಡಿದು, ಸಂಜೆಯ ಬಸ್ಸಿಗೆ ಹಿಂದಿರುಗಿದಳಂತೆ.